ಅಪ್ಪ ಹಾಕಿದ ಟೈ ಗಂಟು

ನನ್ನ ಮದುವೆಯ ಸೂಟು ಕೊಳ್ಳುವಾಗ ಬನಹಟ್ಟಿಯ ಬಟ್ಟೆ ಅಂಗಡಿಯವರು ಖಡಾಖಂಡಿತವಾಗಿ ಹೇಳಿದ್ದರು: ಆಫೀಸಿಗೆ ಟೈ, ಮದುವೆಗೆ ಬೋ. ಬೋ ಎಂದರೆ ಇಲಾಸ್ಟಿಕ್ ಹಚ್ಚಿದ ಒಂದು ಕರಿ ಚಿಟ್ಟೆ. ಅದನ್ನು ಕೊರಳಿಗೆ ಸಿಕ್ಕಿಸಿಕೊಂಡು ಮನೆಯಲ್ಲಿ ನಿಂತಾಗ ಅವ್ವ ಹಣೆ ಬಡಿದುಕೊಂಡಳು.

“ಬ್ಯಾಂಡ್ ಬಾರಸಾವ್ರು ಹಾಕ್ಕೋತಾರಲೇ ಇದನ್ನ! ಬೀಗರು ನಿನ್ನ ಕೈಯಾಗ ತುತ್ತೂರಿ ಕೊಟ್ಟ ಕುಂದರಸ್ತಾರ ನೋಡ.”

ಹೀಗಾಗಿ ಟೈ ಬಂತು. ಆದರೆ ಕಟ್ಟುವವರು ಯಾರು? ನಮ್ಮ ಓಣಿಯಲ್ಲಿ ಟೈ ಹಾಕುವವರೆಂದರೆ ಶಾಲೆಯ ಮಕ್ಕಳು ಮಾತ್ರ, ಅವರದೂ ಇಲಾಸ್ಟಿಕ್ಕೇ. ಮದುವೆಯ ದಿನ ಜಮಖಂಡಿಯ ಮಂಗಲ ಕಾರ್ಯಾಲಯದಲ್ಲಿ, ತಾಳಿ ಕಟ್ಟಿ ಬಂದು ಸೂಟು ಹಾಕಿಕೊಂಡು, ಮೊಬೈಲಿನ ವಿಡಿಯೋ ನೋಡುತ್ತ ಒದ್ದಾಡುತ್ತಿದ್ದೆ. ಅಪ್ಪನಿಗೆ ತಾಳ್ಮೆ ಕೆಟ್ಟಿತು. ಹುಟ್ಟಾ ನೇಕಾರ, ಮಗ್ಗದ ಮುಂದೆ ಹರಿದ ಎಳೆ ಕೂಡಿಸುತ್ತಲೇ ಮುದುಕನಾದವನು.

“ಗಂಟ ಹಾಕೂದನ್ನ ನಮಗ ಮೊಬೈಲ್ ಕಲಸಬೇಕೇನಲೇ? ತಾ ಇಲ್ಲಿ!”

ಕಣ್ಣು ಮುಚ್ಚಿ ತೆಗೆಯುವುದರೊಳಗೆ ಕಟ್ಟಿಬಿಟ್ಟ. ಎಳೆ ಕೂಡಿಸುವ ಅದೇ ಗಂಟು. ನೋಡಲು ಚಂದ, ಎಳೆದಷ್ಟೂ ಬಿಗಿ, ಬಿಚ್ಚುವ ಮಾತೇ ಇಲ್ಲ. ಫೋಟೋದವನು ನೆಟ್ಟಗೆ ಮಾಡುತ್ತೇನೆಂದು ಎಳೆದ. ಬೀಗರು ಪ್ರೀತಿಯಿಂದ ಎಳೆದರು. ಊಟದ ಹೊತ್ತಿಗೆ ನನಗೆ ಉಗುಳು ನುಂಗುವುದೂ ಕಷ್ಟವಾಗಿತ್ತು.

ಮದುಮಕ್ಕಳು ಒಬ್ಬರಿಗೊಬ್ಬರು ತುತ್ತು ತಿನ್ನಿಸುವ ಮೊದಲು ಒಡಪು ಕಟ್ಟಿ, ಎಂದರೆ ಪ್ರಾಸದ ಸಾಲಿನಲ್ಲಿ ಸೇರಿಸಿ, ಒಬ್ಬರ ಹೆಸರನ್ನು ಇನ್ನೊಬ್ಬರು ಹೇಳಬೇಕು. ನನ್ನ ಹೆಂಡತಿಯ ಹೆಸರನ್ನು ಅಲ್ಲಿಯವರೆಗೆ ಅವಳೆದುರು ಒಮ್ಮೆಯೂ ಕರೆದಿರಲಿಲ್ಲ, ನಾಚಿಕೆ. ಮೊದಲ ಸಲವಾದರೂ ಛಲೋ ಹೇಳಬೇಕೆಂದು ಒಡಪನ್ನು ಬಾಯಿಪಾಠ ಮಾಡಿಟ್ಟಿದ್ದೆ.

“ಹೆಸರ ಹೇಳ್ರಿ ಮಾವಾರ! ಇಲ್ಲಾಂದ್ರ ತುತ್ತ ಇಲ್ಲ!” ಎಂದು ಅವಳ ತಂಗಿಯರು ಸುತ್ತುಗಟ್ಟಿದರು.

ಬಾಯಿ ತೆರೆದೆ. ಆಡಿನ ಮರಿಯ ದನಿ ಬಂತು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅವಳು ಮಾತ್ರ ನಗಲಿಲ್ಲ. ಗಂಡನಿಗೆ ತನ್ನ ಹೆಸರೇ ನೆನಪಿಲ್ಲ ಎಂದುಕೊಂಡಳೋ ಏನೋ, ಮುಖ ಸಣ್ಣದಾಯಿತು. ನನಗೆ ಅಳುವೇ ಬಂತು.

ಅಪ್ಪ ಓಡಿ ಬಂದ. ಗಂಟಿಗೆ ಉಗುರು ಹಾಕಿದ, ಹಲ್ಲು ಹಾಕಿದ.

“ಭಾಳ ಛಲೋ ಬಿದ್ದೈತಿ,” ಎಂದು ಅಭಿಮಾನದಿಂದ ಬೇರೆ ಹೇಳಿದ. ಕಡೆಗೆ ಕಿಸೆಯಿಂದ ಎಳೆ ಕತ್ತರಿಸುವ ಕತ್ತರಿ ತೆಗೆದು, ಮುಖ ಹಿಂಡಿಕೊಂಡು ಕಚಕ್ಕನೆ ಕತ್ತರಿಸಿದ.

ಉಸಿರು ಬಂದದ್ದೇ ತಡ, ಒಡಪು ಮರೆತು ಅವಳ ಹೆಸರೊಂದನ್ನೇ ಕೂಗಿಬಿಟ್ಟೆ. ಅಡುಗೆಯವರು ಸೌಟು ಹಿಡಿದು ಹೊರಗೆ ಬಂದರು. ಅವಳು ಈಗ ಕೆಂಪಗಾಗಿ ನಕ್ಕಳು. ತುತ್ತು ಎತ್ತಿದವಳು ಯಾಕೋ ತಡೆದು, ಇನ್ನೊಂದು ಕೈಯಿಂದ ಕೊರಳ ಹಿಂದೆ ತಾಳಿಯ ದಾರ ಮುಟ್ಟಿ ನೋಡಿಕೊಂಡಳು.

“ಏನ್ರಿ, ಮುಂಜಾನೆ ನೀವು ನನಗ ಹಾಕಿದ್ದೂ ಇದ ಗಂಟೇನ್ರಿ?”

“ಹೂಂ,” ಎಂದೆ. “ನನಗ ಅದೊಂದ ಬರೂದು.”

ಅವಳು ತುತ್ತನ್ನು ನನ್ನ ಬಾಯಿಗಿಟ್ಟಳು.