ಮಾವನ ಕೈಯ ಮೀನು

ಆ ಮುಂಜಾನೆ ನಾನು ವರದಾ ಹೊಳೆಯ ನಡುವಿನ ಒಂದು ಬಂಡೆಯ ಮೇಲೆ ಕುಳಿತಿದ್ದೆ. ಸುತ್ತಲೂ ಆಳವಾದ ಮಡು. ಪಕ್ಕದಲ್ಲಿ ಗಾಳ ಹಿಡಿದುಕೊಂಡು ನನ್ನ ಹೆಂಡತಿಯ ತಂದೆ. ನಮ್ಮನ್ನು ಅಲ್ಲಿಗೆ ತಂದ ಹರಿಗೋಲಿನ ಹಗ್ಗ ಅವರ ಕಾಲಿನ ಹೆಬ್ಬೆರಳಿಗೆ ಸುತ್ತಿತ್ತು. ನನಗೆ ಈಜು ಬರುತ್ತಿರಲಿಲ್ಲ.

ಜಾತಿಯಿಂದ ಎರಡೂ ಮನೆತನದವರು ಅಂಬಿಗರೇ. ಆದರೆ ನಾವು ಹಿರೇಕೆರೂರು ಕಡೆಯವರು. ಮುತ್ತಜ್ಜನ ಕಾಲಕ್ಕೇ ಹೊಳೆ ಬಿಟ್ಟು ಹತ್ತಿ, ಜೋಳ ಬೆಳೆಯಲು ನಿಂತವರು. ಮೊಣಕಾಲಿಗಿಂತ ಮೇಲೆ ಬರುವ ನೀರಿನಲ್ಲಿ ನಾನು ನಿಂತದ್ದು ಮದುವೆಯಾದ ಮೇಲೆಯೇ. ಮಾವ ಹಾಗಲ್ಲ. ಹಾನಗಲ್ ತಾಲೂಕಿನ ಆ ದಂಡೆಯ ಊರಿನಲ್ಲಿ ಮಳೆಗಾಲವೆಲ್ಲ ಹರಿಗೋಲು ಹಾಕಿ ಜನರನ್ನು ದಾಟಿಸುತ್ತಿದ್ದರು. ಬೇಸಿಗೆಗೆ ಹೊಳೆ ಬತ್ತಿ ಮಡುಗಳಷ್ಟೇ ಉಳಿದಾಗ ಬಂಡೆ ಹತ್ತಿ ಮೀನು ಹಿಡಿಯುತ್ತಿದ್ದರು. ಗಂಡುಮಕ್ಕಳಿರಲಿಲ್ಲ. ಒಬ್ಬಳೇ ಮಗಳು. ಹುಟ್ಟು ಹಾಕುವುದನ್ನೂ ಈಜನ್ನೂ ಅವಳಿಗೇ ಕಲಿಸಿದ್ದರು.

ನಾನು ಶಾಲೆಗೆ ಸೇರಿದ್ದು ತಡವಾಗಿ. ಅಪ್ಪ ಬೇಗ ತೀರಿಕೊಂಡರು, ದನ ಕಾಯುವುದು ನನ್ನ ಪಾಲಿಗೆ ಬಂತು. ತಮ್ಮಂದಿರು ಕೈಗೆ ಬಂದ ಮೇಲೆ ಪಾಟಿ ಹಿಡಿದೆ. ಮೀಸೆ ಮೂಡಿದವನು ಸಣ್ಣ ಹುಡುಗರ ಸಾಲಿನಲ್ಲಿ ಕುಳಿತು ಮಗ್ಗಿ ಒಪ್ಪಿಸುತ್ತಿದ್ದೆ. ಮದುವೆಯಾದರೂ ಶಾಲೆ ಬಿಡಲಿಲ್ಲ. ಏಳನೇ ಇಯತ್ತೆಯ ಕೊನೆಗೆ ಮುಲ್ಕಿ ಪರೀಕ್ಷೆ ಇತ್ತು. ಅದು ಪಾಸಾದರೆ ಮಾಸ್ತರಿಕೆ ಸಿಗುತ್ತಿತ್ತು. ಹಿಂದಿನ ವರ್ಷ ಕುಳಿತು ನಪಾಸಾಗಿದ್ದೆ. ಇನ್ನೊಂದು ವರ್ಷ ಹೋದರೆ ನೌಕರಿಗೆ ನನ್ನ ವಯಸ್ಸು ಮೀರುತ್ತಿತ್ತು. ಇದೇ ಕೊನೆ.

ಪರೀಕ್ಷೆ ಮರುದಿನ ಧಾರವಾಡದಲ್ಲಿ. ಹಾವೇರಿಗೆ ಹೋಗಿ ಅಲ್ಲಿ ರೈಲು ಹಿಡಿಯಬೇಕು. ಅದು ಯುದ್ಧದ ಕಾಲ, ಪೆಟ್ರೋಲ್ ಸಿಗದೆ ಮೋಟಾರುಗಳು ಇದ್ದಲಿಯ ಗ್ಯಾಸಿನ ಮೇಲೆ ಓಡುತ್ತಿದ್ದವು. ಮಾವನ ಊರಿಗೆ ಒಂದು ವಸ್ತಿ ಮೋಟಾರು ಬರುತ್ತಿತ್ತು. ರಾತ್ರಿ ಚಾವಡಿಯ ಮುಂದೆ ನಿಂತು ಮುಂಜಾನೆ ಹಾವೇರಿಗೆ ಹೊರಡುತ್ತಿತ್ತು. ಇಡೀ ದಿನಕ್ಕೆ ಅದೊಂದೇ. ನಡೆದು ಹೋದರೆ ರೈಲು ಸಿಗುವಂತಿರಲಿಲ್ಲ. ಯುಗಾದಿಗೆಂದು ತವರಿಗೆ ಬಂದಿದ್ದ ಹೆಂಡತಿಯನ್ನೂ ನೋಡಿದಂತಾಗುತ್ತದೆ ಎಂದು ಹಿಂದಿನ ಸಂಜೆಯೇ ಅಲ್ಲಿಗೆ ಹೋಗಿದ್ದೆ.

ಆ ಮನೆಯಲ್ಲಿ ಒಂದು ಪದ್ಧತಿ. ದೊಡ್ಡ ಕೆಲಸಕ್ಕೆ ಹೊರಟ ಅಳಿಯ, ಮಾವ ತನ್ನ ಕೈಯಾರೆ ಹಿಡಿದ ಮೀನು ತಿಂದೇ ಹೋಗಬೇಕು. ನಾನು ಎದ್ದು ಮುಖ ತೊಳೆಯುವುದರೊಳಗೆ ಮಾವ ಗಾಳ ತೆಗೆದುಕೊಂಡು ಅಂಗಳದಲ್ಲಿ ನಿಂತಿದ್ದರು.

"ಮಾವಾರ, ಇವತ್ತ ಬ್ಯಾಡರಿ. ಮೋಟಾರು ತಪ್ಪತೈತಿ" ಎಂದೆ.

"ಹ್ವಾದ ವರ್ಷನೂ ಹಿಂಗ ಗಡಿಬಿಡಿ ಮಾಡಿ ತಿನ್ನಲಾರದ ಹ್ವಾದ್ರಿ. ಏನಾತು?"

ನಪಾಸಾದವನು ಮುಖ ಒರೆಸಿಕೊಂಡು ಟೋಪಿ ಹಾಕಿಕೊಂಡೆ.

"ಬರ್ರಿ ಅಳೇರ. ಒಂದು ಮೀನ ಹಿಡಿಯೂದು ಎಷ್ಟೊತ್ತಿಂದು? ಮೋಟಾರಿನವ ಬೆಂಕಿ ಹಾಕಿ ಗಾಳಿ ಊದೂದ್ರೊಳಗ ಬಂದ ಬಿಡೂಣು. ನೀವೂ ಬರಬೇಕು. ಯಾರ ಸಲುವಾಗಿ ಹಿಡಿಯೂದೈತಿ, ಅವರು ಬಾಜೂಕ ಇರಬೇಕು."

ಹೀಗೆ ನಾನು ಬಂಡೆ ಹತ್ತಿದ್ದು.

ಗಾಳದ ಬೆಂಡು ಜೋಳದ ದಂಟಿನದು. ಸಿಪ್ಪೆ ತೆಗೆದ ಬಿಳಿಯ ತುಂಡು, ನೀರಿನ ಮೇಲೆ ನೆಟ್ಟಗೆ ನಿಂತಿತ್ತು. ನಾನು ಕಣ್ಣು ಕೀಳದೆ ಅದನ್ನೇ ನೋಡಿದೆ. ಅದು ಮುಳುಗಿದರೆ ನನಗೆ ಧಾರವಾಡ. ಅದು ಮುಳುಗಲಿಲ್ಲ. ಅಲುಗಲೂ ಇಲ್ಲ. ಬಂಡೆಯ ಬುಡದಲ್ಲಿ ನೀರು ಪಾಚಿಯ ಬಣ್ಣಕ್ಕಿತ್ತು. ಅದರೊಳಗೆ ಇಣುಕಿದರೆ ನನ್ನ ಮುಖವೇ ಕಾಣುತ್ತಿತ್ತು, ತಳ ಕಾಣುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಊರಿನ ಬೇವಿನ ಮರಗಳ ಹಿಂದೆ ಹೊಗೆ ಎದ್ದಿತು. ಮೋಟಾರಿನ ಹಿಂದಿದ್ದ ಇದ್ದಲಿಯ ಡಬ್ಬಿಗೆ ಬೆಂಕಿ ಹಾಕಿದ್ದರು. ಮೊದಲು ಕಪ್ಪಗೆ, ದಟ್ಟಗೆ ಬರುತ್ತದೆ. ಕ್ಲೀನರು ಊದುಗಾಳಿಯ ಚಕ್ರ ತಿರುಗಿಸುತ್ತ ಹೋದಂತೆ ಬಿಳಿಚುತ್ತದೆ. ಹೊಗೆ ನಿಂತರೆ ಗ್ಯಾಸು ಹಿಡಿದಿದೆ, ಮೋಟಾರು ಹೊರಡುತ್ತದೆ ಎಂದು ಅರ್ಥ. ಆಮೇಲೆ ನನ್ನ ಕಣ್ಣು ಹೊಗೆಯಿಂದ ಬೆಂಡಿಗೆ, ಬೆಂಡಿನಿಂದ ಹೊಗೆಗೆ ತಿರುಗುವುದೇ ಆಯಿತು.

"ಮಾವಾರ, ಬೆಂಕಿ ಹಾಕ್ಯಾರ..."

"ಶ್! ಗಾಳದ ಮುಂದ ಹೊತ್ತಾತು, ಹೊಂಟೆ ಅನಬಾರದು. ಮೀನಕ್ಕ ಕೇಳತೈತಿ."

ಹೇಳಬೇಕಾದದ್ದು ಅದೊಂದೇ ಇದ್ದಾಗ ಅದನ್ನೇ ಹೇಳಬಾರದು ಎಂದರೆ ಮನುಷ್ಯ ಏನು ಮಾಡಬೇಕು? ನಾನು ಭೂಗೋಳ ನೆನಪಿಸಿಕೊಳ್ಳಲು ನೋಡಿದೆ. ಮುಂಬಯಿ ಇಲಾಖೆಯ ಹೊಳೆಗಳು. ವರದೆಯ ಹೆಸರು ಬಂದ ಕೂಡಲೇ ಎಲ್ಲ ಮರೆತುಹೋಯಿತು. ಪರೀಕ್ಷೆಯ ಚೀಟಿ ಅಂಗಿಯ ಒಳಕಿಸೆಯಲ್ಲಿತ್ತು. ಬೆವರಿಗೆ ಅಳಿಸೀತೆಂದು ಅದನ್ನು ತೆಗೆದು ಟೋಪಿಯೊಳಗೆ ಇಟ್ಟುಕೊಂಡೆ.

ಬಿಸಿಲು ಏರಿತು. ಕಲ್ಲು ಕಾಯಲು ಹತ್ತಿತು. ಎದುರಿನ ದಂಡೆಯಲ್ಲಿ ಒಂದು ಕೊಕ್ಕರೆ ಬಂದು ನಿಂತು, ಕುತ್ತಿಗೆ ಚಾಚಿ ಒಂದು ಮೀನು ಎತ್ತಿ ನುಂಗಿತು. ಸ್ವಲ್ಪ ಬಿಟ್ಟು ಇನ್ನೊಂದು. ಅದಕ್ಕೆ ಸಿಗುವ ಮೀನು ನಮಗೇಕೆ ಸಿಗುವುದಿಲ್ಲ ಎಂದು ನಾನು ನಿಜವಾಗಿಯೂ ತಲೆ ಕೆಡಿಸಿಕೊಂಡೆ. ಅದರ ಕಾರಣ ಎರೆಹೊಲದವನಿಗೆ ಹೊಳೆಯುವಂಥದಲ್ಲ. ಗಾಳ ನೀರಿನಲ್ಲಿದ್ದರೆ ಸಾಕು, ಮೀನು ಹಿಡಿಯುತ್ತಿದ್ದಾರೆ ಎಂದೇ ತಿಳಿದಿದ್ದೆ.

ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಒಬ್ಬ ಮುದುಕಿ ಕೂಗಿದಳು: "ಏನೋ ತಮ್ಮಾ, ಅಳಿಯನ್ನ ಕಲ್ಲಿನ ಮ್ಯಾಲೆ ಒಣಾ ಹಾಕಿದಿಯೇನ?"

"ಹೂನಬೇ, ಹಸೀ ಇದ್ದಾರ. ಒಂದೀಟು ಒಣಗಲಿ" ಎಂದರು ಮಾವ. ಆಕೆಗೆ ಕೂಗಿ ಉತ್ತರ ಕೊಡುವಾಗ ಮೀನಿಗೆ ಕೇಳುವ ಭಯವಿರಲಿಲ್ಲ.

ಹೊಗೆ ಬೂದಿಬಣ್ಣಕ್ಕೆ ಬಂತು. ನಾನು ಎದ್ದು ನಿಂತೆ. ನಿಂತು ಎಲ್ಲಿಗೆ ಹೋಗುವುದು? ಬಂಡೆ ಎರಡು ಎತ್ತು ಮಲಗುವಷ್ಟು ಅಗಲವಿತ್ತು. ಆ ಅಂಚಿಗೆ ಹೋಗಿ ಈ ಅಂಚಿಗೆ ಬಂದೆ. ಹರಿಗೋಲು ಕೈಗೆ ಸಿಗುವಷ್ಟು ಹತ್ತಿರ ತೇಲುತ್ತಿತ್ತು, ಆದರೆ ಹಗ್ಗ ಮಾವನ ಹೆಬ್ಬೆರಳಿನಲ್ಲಿತ್ತು. ಹಿರಿಯರ ಕಾಲಿನಿಂದ ಹಗ್ಗ ಬಿಚ್ಚಿಕೊಂಡು ಹೋಗುವ ಅಳಿಯನನ್ನು ಯಾರಾದರೂ ಕಂಡಿದ್ದಾರೆಯೇ? ಬಿಚ್ಚಿಕೊಂಡರೂ ಹುಟ್ಟು ಹಾಕಲು ನನಗೆ ಬರಬೇಕಲ್ಲ.

"ಕುಂದರ್ರಿ. ನಿಮ್ಮ ನೆರಳು ನೀರಾಗ ಬೀಳಾಕತ್ತೈತಿ."

ಕುಳಿತೆ. ಅಳು ಬಂದರೆ ಮುಚ್ಚಿಕೊಳ್ಳಲು ಅಲ್ಲಿ ಮರೆ ಕೂಡ ಇರಲಿಲ್ಲ.

ಆಗ ದಂಡೆಯ ಮೇಲೆ ನನ್ನ ಹೆಂಡತಿ ಕಂಡಳು. ಕೈಯಲ್ಲಿ ನನ್ನ ಚೀಲ, ಬುತ್ತಿಯ ಗಂಟು. "ಅಪ್ಪಾ, ಕರ್ಕೊಂಡು ಬಾ! ಹೊಗಿ ಬೆಳ್ಳಗಾತು!" ಎಂದು ಕೂಗಿದಳು. ಮಾವ ಕಿವುಡರಂತೆ ಬೆಂಡು ನೋಡುತ್ತ ಕುಳಿತರು. ಅವಳು ಎರಡನೇ ಸಲ ಕೂಗಲಿಲ್ಲ. ಚೀಲವನ್ನೂ ಗಂಟನ್ನೂ ಮುದುಕಿಯ ಹತ್ತಿರ ಇಟ್ಟಳು. ಸೀರೆಯನ್ನು ಕಚ್ಚೆ ಹಾಕಿ ಬಿಗಿದಳು. ನೀರಿಗೆ ಇಳಿದಳು. ನಾನು ಬಾಯಿ ತೆರೆದುಕೊಂಡು ನೋಡುತ್ತಿದ್ದಂತೆ ಸದ್ದಿಲ್ಲದೆ ಈಜಿ ಬಂದು ಬಂಡೆಯ ಅಂಚು ಹಿಡಿದಳು.

"ಏಳಂತ ಹೇಳಪಾ ಅವರಿಗೆ" ಎಂದಳು. ನನ್ನನ್ನು ನೋಡಲಿಲ್ಲ. ತಂದೆಯ ಎದುರು ನನ್ನೊಡನೆ ನೇರವಾಗಿ ಮಾತಾಡುತ್ತಿರಲಿಲ್ಲ.

"ಮೀನ ಬಂದಿಲ್ಲವ್ವಾ ಇನ್ನೂ."

ಅವಳು ಬಂಡೆಯ ಮೇಲೆ ಮಾವನ ಪಕ್ಕಕ್ಕಿದ್ದ ಮುತ್ತಲ ಎಲೆಯ ಪೊಟ್ಟಣವನ್ನು ಒದ್ದೆ ಕೈಯಿಂದ ಬಿಡಿಸಿದಳು. ಗಾಳಕ್ಕೆ ಸಿಕ್ಕಿಸಲು ಮನೆಯಿಂದ ನಾದಿ ತಂದ ಹಿಟ್ಟಿನ ಉಂಡೆ ಅದರಲ್ಲಿತ್ತು. ದುಂಡಗೆ, ಒಂದು ಚಿವುಟೂ ಇಲ್ಲದೆ.

"ನಾ ನಾದಿ ಕೊಟ್ಟ ಹಿಟ್ಟು ಕೊಟ್ಟಂಗ ಐತೆಲ್ಲಪಾ. ಮೀನ ಏನು ನಿನ್ನ ಮಾರಿ ನೋಡಿ ಬರತೈತೇನು?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟು ಹೊತ್ತು ನಾನು ಕಾದದ್ದು ಹಿಟ್ಟೇ ಸಿಕ್ಕಿಸದ ಬರಿಯ ಕೊಂಡಿಗೆ.

"ಒಣಮೀನ ಹುರದು ರೊಟ್ಟಿಯೊಳಗ ಕಟ್ಟೇನಿ" ಎಂದಳು. "ಚಳಿಗಾಲದಾಗ ನೀನ ಹಿಡದು ಒಣಗಿಸಿದ್ದು."

"ಒಣಾದ್ದು ನಡಿಯೂದಿಲ್ಲ."

"ಯಾಕ ನಡಿಯೂದಿಲ್ಲ? ಮೀನ ಒಣಗಿದ್ರ ಹಿಡದ ಕೈ ಬ್ಯಾರೆ ಆಕ್ಕೈತೇನು?"

ಮಾವ ಗಾಳವನ್ನು ಮೆಲ್ಲಗೆ ಮೇಲೆತ್ತಿದರು. ಕೊಂಡಿಯಿಂದ ನೀರು ತೊಟ್ಟಿಕ್ಕಿತು. ಅದನ್ನೇ ನೋಡುತ್ತ, "ತಿಂದು ಹ್ವಾದ್ರ ಪಾಸ್ ಆಕ್ಕಾರಲ್ಲವ್ವಾ" ಎಂದರು. "ಪಾಸಾದ್ರ ಮಾಸ್ತರಕಿ ಕೊಟ್ಟು ನಿಮ್ಮನ್ನ ಯಾವ ಊರಿಗೆ ಒಗಿತಾರೋ ಏನೋ."

"ಎಲ್ಲಿ ಒಗದ್ರೂ ಬಾ ನೀ. ಹರಗೋಲ ತಗೊಂಡ ಬಾ."

"ಅಲ್ಲೆ ಹೊಳಿ ಇರಬೇಕಲ್ಲ."

ಅವಳು ನೀರಿನಲ್ಲಿ ಕಾಲು ಬಡಿಯುವುದನ್ನು ಒಂದು ಗಳಿಗೆ ನಿಲ್ಲಿಸಿದಳು. ಆಮೇಲೆ ಕೈ ಚಾಚಿ ಅಪ್ಪನ ಹೆಬ್ಬೆರಳಿನ ಹಗ್ಗವನ್ನು ತಾನೇ ಬಿಚ್ಚಿದಳು.

ನಾವು ದಂಡೆ ಮುಟ್ಟಿದಾಗ ಬೇವಿನ ಮರಗಳ ಹಿಂದೆ ಹೊಗೆಯೇ ಇರಲಿಲ್ಲ. ಹಾರ್ನು ಕೇಳಿತು. ಚಾವಡಿಗೆ ಓಡುವಷ್ಟರಲ್ಲಿ ರಸ್ತೆಯ ಮೇಲೆ ಧೂಳು ಮಾತ್ರ ಉಳಿದಿತ್ತು. ಚಾವಡಿಯ ಕಟ್ಟೆಗೆ ಕುಸಿದು ಕುಳಿತೆ.

ಮಾವ ನನ್ನ ರಟ್ಟೆ ಹಿಡಿದು ಎಬ್ಬಿಸಿದರು. "ಏಳ್ರಿ, ಏಳ್ರಿ. ಗ್ಯಾಸಿನ ಗಾಡಿ. ದಿಬ್ಬ ಏರೂದಿಲ್ಲ ಅದು."

ಹೊಲಗಳಲ್ಲಿ ಅಡ್ಡಹಾಯ್ದು ಓಡಿದೆವು. ಕೊಯ್ದ ಜೋಳದ ಕೂಳೆಗಳು ಕಾಲಿಗೆ ಚುಚ್ಚುತ್ತಿದ್ದವು. ಮಾವ ಮುಂದೆ, ಚೀಲ ಅವರ ಹೆಗಲಲ್ಲಿ. ನಾನು ಹಿಂದೆ, ಒಂದು ಕೈಯಲ್ಲಿ ಬುತ್ತಿ, ಇನ್ನೊಂದು ಕೈ ಟೋಪಿಯ ಮೇಲೆ. ದಿಬ್ಬದ ಅರ್ಧಕ್ಕೆ ಮೋಟಾರು ನಿಂತಿತ್ತು. ಜನ ಇಳಿದು ಹಿಂದಿನಿಂದ ದೂಡುತ್ತಿದ್ದರು. ಕ್ಲೀನರು ನಮ್ಮನ್ನು ಕಂಡು, "ಬರ್ರಿ, ಎರಡು ಆಳು ಬಂದ್ವು. ಹಚ್ಚರಿ ಹೆಗಲು!" ಎಂದ.

ಹಚ್ಚಿದೆವು. ಮಾವ ಒಂದು ಹೆಗಲನ್ನು ಮೋಟಾರಿಗೆ ಕೊಟ್ಟು, ಕೈ ಚಾಚಿ ನನ್ನ ಬುತ್ತಿಯ ಗಂಟನ್ನು ಎಳೆದುಕೊಂಡು ಹಲ್ಲಿನಿಂದ ಬಿಚ್ಚಿದರು. ರೊಟ್ಟಿ ಮುರಿದು ಒಣಮೀನಿನ ತುಂಡು ಇಟ್ಟು, "ಬಾಯಿ ತಗೀರಿ" ಎಂದರು.

"ಮಾವಾರ, ಏರಿದ ಮ್ಯಾಲೆ ತಿಂತೇನಿ..."

"ತಗೀರಿ ಅಂದ್ರ ತಗೀರಿ! ನನ್ನ ಮುಂದ ತಿನ್ನಬೇಕು. ನಾಳೆ ನಪಾಸಾದ್ರ ನನ್ನ ಮ್ಯಾಲೆ ಬರಬಾರದು."

ಬಾಯಿ ತೆರೆದೆ. ಬಾಯಿ ತುಂಬ ರೊಟ್ಟಿ, ಉಪ್ಪು, ಮುಳ್ಳು. ಅಗಿಯುತ್ತ ದೂಡಿದೆ. ಮೋಟಾರು ಕೆಮ್ಮಿ, ನಡುಗಿ, ದಿಬ್ಬದ ನೆತ್ತಿ ಏರಿತು. ಜನ ಓಡಿ ಹತ್ತಿಕೊಂಡರು. ನಾನು ಅವರ ಹೆಗಲಿನಿಂದ ಚೀಲ ಎಳೆದುಕೊಂಡು ಹತ್ತಿ ತಿರುಗಿ ನೋಡಿದಾಗ ಮಾವ ಇನ್ನೂ ಎರಡೂ ಕೈ ಮುಂದೆ ಚಾಚಿಕೊಂಡೇ ನಿಂತಿದ್ದರು, ದೂಡುವುದು ಮುಗಿದದ್ದು ತಿಳಿಯದವರಂತೆ.

ಪಾಸಾದೆ. ನನ್ನನ್ನು ಶಿಗ್ಗಾವಿ ತಾಲೂಕಿನ ಒಂದು ಊರಿಗೆ ಹಾಕಿದರು. ತಡಸದಲ್ಲಿ ಮೋಟಾರು ಇಳಿದು ಒಳಗೆ ನಡೆದು ಹೋಗಬೇಕು. ಹೊಳೆ ಇಲ್ಲ. ಬಾಡಿಗೆಯ ಮನೆಯ ಹಿತ್ತಲಲ್ಲಿ ಒಂದು ಸೇದುವ ಬಾವಿ ಇತ್ತು. ಮಾವ ಮೊದಲ ಸಲ ಬಂದಾಗ ಒಣಮೀನಿನ ಗಂಟನ್ನು ಕೆಳಗಿಟ್ಟು, ನೀರು ಕೂಡ ಕುಡಿಯದೆ, ನೇರ ಹಿತ್ತಲಿಗೆ ಹೋಗಿ ಬಾವಿಯೊಳಗೆ ಬಗ್ಗಿ ನೋಡಿದರು. ಮಗಳೂ ಹೋಗಿ ಅವರ ಪಕ್ಕದಲ್ಲಿ ಬಗ್ಗಿ ನಿಂತಳು.

"ಈಸಾಕ ಆಗೂದಿಲ್ಲೇಳವ್ವಾ ಇದರಾಗ" ಎಂದರು ಮಾವ.

"ಕೈ ಚಾಚಿದ್ರ ಗ್ವಾಡಿ ಬಡಿತಾವಪಾ" ಎಂದಳು ಅವಳು.

ಅಂದರೆ ಅವಳು ಇಳಿದು ನೋಡಿದ್ದಳು. ಯಾವಾಗ ಇಳಿದಳೋ, ನನಗೆ ತಿಳಿಯದು. ನಾನು ಶಾಲೆಗೆ ಹೋದಾಗ ಇರಬೇಕು.