ಟ್ಯಾಂಕರ್ ಹೊಡೆದ ಅಧ್ಯಕ್ಷರು

ಇವತ್ತು ಪುರಸಭೆಯ ಮುಂದೆ ಹಾಯುವಾಗ ಹಸಿ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ನಮ್ಮೂರಲ್ಲಿ ಗೋಡೆಗೆ ಬಣ್ಣ ಬಂತೆಂದರೆ ಒಂದೋ ಮಂತ್ರಿಗಳು ಬರುತ್ತಾರೆ, ಇಲ್ಲವೇ ಯಾರೋ ಒಳ್ಳೆಯವರು ತೀರಿಕೊಂಡಿದ್ದಾರೆ. ಈ ಸಲ ಎರಡನೆಯದು. ಮಾಜಿ ಅಧ್ಯಕ್ಷರು, ನಮ್ಮ ನೆರೆಮನೆಯ ಹವಾಲ್ದಾರ ಕಾಕಾ, ಅವರ ಸ್ಮರಣೆಯ ಸಭೆ. ಪುಕ್ಕಟೆ ಕುರ್ಚಿಯನ್ನು ನಾನು ಬಿಡುವವನಲ್ಲ, ಹೋಗಿ ಕುಳಿತೆ.

ಮೊದಲ ಭಾಷಣಕಾರರು ಕಾಕಾ ಗಡಿಯಲ್ಲಿ ವೈರಿಗಳನ್ನು ಸಾಲಾಗಿ ಮಲಗಿಸಿದ್ದನ್ನು ಕಣ್ಣಾರೆ ಕಂಡವರಂತೆ ಬಣ್ಣಿಸಿದರು. ಕಾಕಾ ಇದ್ದದ್ದು ಸೈನ್ಯದ ಲಾರಿಯ ಮೇಲೆ. ಹಿಮದ ಬೆಟ್ಟದ ಚೌಕಿಗಳಿಗೆ ಹಿಟ್ಟು, ಸೀಮೆಎಣ್ಣೆ ಒಯ್ಯುತ್ತ ಎಡಗೈಯ ಬೆರಳುಗಳನ್ನು ಅಲ್ಲೇ ಚಳಿಗೆ ಕೊಟ್ಟು ಬಂದಿದ್ದರು. ಗುಂಡು ಹೊಡೆದ ಕಥೆ ಹೇಳಿರೆಂದು ನಾನೊಮ್ಮೆ ಕಾಡಿದಾಗ, “ನಾ ಹೊಡದದ್ದು ಗಾಡಿ ಅಷ್ಟಪಾ. ಮ್ಯಾಲಿನವರಿಗೆ ರೊಟ್ಟಿ ಮುಟ್ಟಲಿಲ್ಲಂದ್ರ ಅವರರೆ ಏನ್ ಹೊಡಿತಾರ?” ಎಂದಿದ್ದರು.

ಅಧ್ಯಕ್ಷರಾದ ಮೇಲೂ ಗಾಡಿ ಹೊಡೆಯುವ ಚಟ ಬಿಡಲಿಲ್ಲ. ಬೇಸಿಗೆಯಲ್ಲಿ ಚಾಲಕ ಬರದಿದ್ದರೆ ನೀರಿನ ಟ್ಯಾಂಕರ್ ತಾವೇ ಹತ್ತುತ್ತಿದ್ದರು. ಅಷ್ಟಕ್ಕೇ ನಿಂತಿದ್ದರೆ ಊರು ಕ್ಷಮಿಸುತ್ತಿತ್ತು. ಆದರೆ ನೀರು ಮೊದಲು ಊರಾಚೆಯ ನೇಕಾರ ಓಣಿಗೆ ಹೋಗಿ, ಸದಸ್ಯರ ಮನೆಗಳಿಗೆ ಕೊನೆಗೆ ಬರುತ್ತಿತ್ತು. “ಮೊದಲ ದೂರದವರಿಗೆ ಮುಟ್ಟಬೇಕ್ರಿ” ಎಂಬುದು ಅವರ ಮಿಲಿಟರಿ ಬುದ್ಧಿ. ಇಂಥ ಘೋರ ಅನ್ಯಾಯವನ್ನು ಯಾವ ಸದಸ್ಯ ತಡೆದುಕೊಂಡಾನು? ರಸ್ತೆ, ಗಟಾರ ಯಾವುದಕ್ಕೂ ಒಂದಾಗದವರು ಅವಿಶ್ವಾಸಕ್ಕೆ ಒಮ್ಮನಸ್ಸಿನಿಂದ ಕೈಯೆತ್ತಿದರು.

ಅದೇ ಕೈಗಳು ಇಂದು ಫೋಟೋಗೆ ಗದಗಿನಿಂದ ತರಿಸಿದ ಮಾಲೆ ಹಾಕಿ, ಆಮೇಲೆ ಕಣ್ಣೊರೆಸಿಕೊಂಡವು. ಕೊನೆಗೆ ಕಾಕಾನ ಹೆಂಡತಿ, ನಮ್ಮ ಕಾಕು, ಮೈಕಿನ ಮುಂದೆ ಬಂದರು.

“ಕುರ್ಚಿಯಿಂದ ಇಳಿಸಿದವರೂ ನೀವ, ಇವತ್ತ ಮಾಲಿ ಏರಿಸಿದವರೂ ನೀವ. ಆತು. ನೇಕಾರ ಓಣಿಗೆ ಟ್ಯಾಂಕರ್ ಬರದ ಭಾಳ ದಿನ ಆತು. ಯಾವಾಗ ಕಳಸ್ತೀರಿ?”

“ಪರಿಶೀಲಿಸ್ತೀವ್ರಿ ಅವ್ವಾರ,” ಎಂದರು ಈಗಿನ ಅಧ್ಯಕ್ಷರು.

“ಪರಿಶೀಲಿಸ್ರಿ. ಅಲ್ಲೀತನಕ ನಾ ಇಲ್ಲೇ ಕುಂಡ್ರತೀನಿ.”

ಕಾಕು ವೇದಿಕೆಯ ಮೇಲೆಯೇ ಕುಳಿತರು. ಹಿಂದಿನ ಸಾಲಿನಿಂದ ನೇಕಾರ ಓಣಿಯ ಹೆಂಗಸರು ಒಬ್ಬೊಬ್ಬರೇ ಎದ್ದು ಬಂದು ಪಕ್ಕದಲ್ಲಿ ಕುಳಿತರು. ವಂದನಾರ್ಪಣೆಗೆ ನಿಂತವರು ಯಾರಿಗೆ ವಂದಿಸಬೇಕೆಂದು ತಿಳಿಯದೆ ಕೆಳಗಿಳಿದರು. ಅಧ್ಯಕ್ಷರು ಫೋನ್ ಹಿಡಿದು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಟ್ಯಾಂಕರ್ ಗುಡುಗುಟ್ಟುವುದು ಕೇಳಿಸಿತು.

“ನಡಿಯಪಾ, ಮನಿಗೆ ಹೋಗೂಣು,” ಎಂದರು ಕಾಕು ನನಗೆ.

ನಾವು ನಮ್ಮ ಓಣಿ ಸೇರುವ ಹೊತ್ತಿಗೆ ಟ್ಯಾಂಕರ್ ನಮ್ಮ ಮನೆಯ ಮುಂದೆ ಹಾಯುತ್ತಿತ್ತು. ಬಾಗಿಲಲ್ಲಿ ನಮ್ಮ ಕೊಡಗಳೂ ಬರಿದಾಗಿ ನಿಂತಿದ್ದವು. ಟ್ಯಾಂಕರ್ ನಿಲ್ಲದೆ ನೇಕಾರ ಓಣಿಯ ಕಡೆ ಹೋಯಿತು. ನಿಲ್ಲಲಿ ಎಂದು ನನಗೂ ಅನಿಸಲಿಲ್ಲ.