ಗೃಹಪ್ರವೇಶದಲ್ಲಿ ಬ್ಲೂಸ್ ಹಾಡಿದ್ದಕ್ಕೆ

ಸ್ನೇಹಿತರೇ, ಇವತ್ತು ತೊಂಡಾಮುತ್ತೂರಲ್ಲಿ ಒಂದು ಗೃಹಪ್ರವೇಶಕ್ಕೆ ನಾವಿಬ್ಬರೂ ಬ್ಲೂಸ್ ಅನ್ನೋ ಅಮೆರಿಕದ ದುಃಖದ ಹಾಡುಗಳನ್ನ ಹಾಡೋಕೆ ಹೋಗಿದ್ವಿ. ನಾನು ಗಿಟಾರ್ ಹಿಡಿದು ಹಾಡ್ತೀನಿ, ಸೆಂದಿಲ್ ಮೌತ್ ಆರ್ಗನ್ ಊದ್ತಾನೆ. ಕಣ್ಣು ಮುಚ್ಚಿ ವಿರಹದ ಹಾಡೊಂದನ್ನು ಎಳೀತಿದ್ದೆ. ಆ ಮನೆಯ ಅಜ್ಜಿ ಬಂದು ಕೈ ಹಿಡ್ಕೊಂಡುಬಿಟ್ಟರು.

"ಯಾಕ್ ಕಂದಾ ಇಷ್ಟು ಅಳ್ತೀಯ? ಮನೇಲಿ ಯಾರಾದ್ರೂ ಹೋಗ್ಬಿಟ್ರಾ?"

"ಇಲ್ಲ ಅಜ್ಜಿ, ಈ ಸಂಗೀತವೇ ಹಿಂಗೆ."

"ಹೆಂಡ್ತಿ ಬಿಟ್ಟೋದ್ಳಾ?"

"ಇನ್ನೂ ಮದುವೇನೇ ಆಗಿಲ್ಲ ಅಜ್ಜಿ."

"ಅಯ್ಯೋ, ಅದಕ್ಕೇನಾ!" ಅಂದವರೇ ಮೈಕ್ ಕಿತ್ಕೊಂಡು, "ಈ ಹುಡುಗನಿಗೆ ಒಂದು ಹೆಣ್ಣು ನೋಡ್ರಪ್ಪಾ, ಪಾಪ, ಆಗಿಂದ ಅಳ್ತಾ ಇದಾನೆ" ಅಂತ ಊಟದ ಪಂಕ್ತಿಗೆಲ್ಲ ಸಾರಿದರು. ದ್ರೋಹಿ ಸೆಂದಿಲ್ ಮೌತ್ ಆರ್ಗನ್‌ನಲ್ಲೇ ಗಟ್ಟಿಮೇಳ ಊದಿದ.

ಆಮೇಲೆ ನನ್ನ ಹಾಡನ್ನು ಒಬ್ಬರೂ ಕೇಳಲಿಲ್ಲ. ನಕ್ಷತ್ರ ಮಾತ್ರ ಎಲ್ಲರೂ ಕೇಳಿದರು.